ಗಣಿಯ ಬಾಯಿಯಲ್ಲಿ ಕುಳಿತ ಗುಮಾಸ್ತ: ಬಲವಂತದ ದುಡಿಮೆಯ ಬರೆಹಗಳನ್ನು ಓದುವ ಬಗೆ

ಕನ್ನಡದಲ್ಲಿ 'ಊಳಿಗ' ಎಂಬ ಮಾತಿದೆ. ಮಲಯಾಳದಲ್ಲಿ 'ಊಳಿಯಂ' ಎಂಬ ಮಾತಿದೆ. ಎರಡೂ ಒಂದೇ ಬೇರಿನಿಂದ ಹುಟ್ಟಿದವು. ಆದರೆ ಕನ್ನಡದ 'ಊಳಿಗ'ಕ್ಕೆ ಸೇವೆ ಎಂಬ ಸೌಮ್ಯವಾದ ಅರ್ಥ ಉಳಿದುಕೊಂಡಿತು. ದಾಸರ, ಶರಣರ ಬಾಯಲ್ಲಿ ಅದು ಭಕ್ತಿಯ ಬಣ್ಣವನ್ನೂ ಪಡೆಯಿತು. ತಿರುವಾಂಕೂರಿನ 'ಊಳಿಯಂ' ಮಾತ್ರ ಅರಸನಿಗೂ ದೇವಸ್ಥಾನಕ್ಕೂ ಕೂಲಿಯಿಲ್ಲದೆ ಮಾಡಲೇಬೇಕಾದ ದುಡಿಮೆಯ ಹೆಸರಾಗಿ ಚರಿತ್ರೆಯ ಪುಸ್ತಕಗಳನ್ನು ಸೇರಿತು. ಆ ದುಡಿಮೆಗೆ ನಮ್ಮಲ್ಲಿ 'ಬಿಟ್ಟಿ' ಎಂಬ ಬೇರೆ ಶಬ್ದ ಇತ್ತು. ಇವತ್ತು ನಾವು ಅದನ್ನು ದುಡ್ಡು ಕೊಡದೆ ಸಿಗುವ ವಸ್ತುವಿಗೆ ಬಳಸುತ್ತೇವೆ. ಬಿಟ್ಟಿ ಮಾಡಿದವನ ಬೆವರು ಆ ಮಾತಿನಿಂದ ಆರಿಹೋಗಿ, ಬಿಟ್ಟಿ ಪಡೆದವನ ಸಂತೋಷ ಮಾತ್ರ ಅದರಲ್ಲಿ ಉಳಿದಿದೆ.

ಇಂಥದೇ ಇನ್ನೊಂದು ಶಬ್ದ ಜಪಾನಿ ಭಾಷೆಯ 'ರೋಮುಶಾ'. ಅದರ ಮೂಲಾರ್ಥ ಕೂಲಿಯಾಳು ಎಂದಷ್ಟೇ. 1942ರಲ್ಲಿ ಜಪಾನಿ ಸೇನೆ ಡಚ್ಚರನ್ನು ಸೋಲಿಸಿ ಜಾವಾ ದ್ವೀಪವನ್ನು ಹಿಡಿದುಕೊಂಡಿತು. ಮುಂದಿನ ಮೂರೂವರೆ ವರ್ಷಗಳಲ್ಲಿ ಹಳ್ಳಿಹಳ್ಳಿಯಿಂದ ಲಕ್ಷಗಟ್ಟಲೆ ಜನರನ್ನು ರಸ್ತೆ, ರೈಲು, ವಿಮಾನ ನಿಲ್ದಾಣ, ಗಣಿಗಳ ಕೆಲಸಕ್ಕೆ ಸಾಗಿಸಿತು. ಇಂಡೋನೇಷ್ಯಾದ ಭಾಷೆಯಲ್ಲಿ ಇವತ್ತು 'ರೋಮುಶಾ' ಎಂದರೆ ಹಿಡಿದೊಯ್ದು ದುಡಿಸಲ್ಪಟ್ಟವನು, ಮರಳಿ ಬಾರದವನು. ಒಡೆಯನ ಕಚೇರಿಯ ಶಬ್ದವೊಂದಕ್ಕೆ ದುಡಿದವರು ತಮ್ಮ ಅರ್ಥವನ್ನು ತುಂಬಿದರು. 'ಬಿಟ್ಟಿ'ಯ ವಿಷಯದಲ್ಲಿ ನಮ್ಮಿಂದ ಆಗದ ಕೆಲಸ ಇದು.

ಶಬ್ದಗಳಿಂದ ಆರಂಭಿಸಿದ್ದಕ್ಕೆ ಕಾರಣವಿದೆ. ಬಲವಂತದ ದುಡಿಮೆಯನ್ನು ಕುರಿತ ಸಾಹಿತ್ಯವನ್ನು ಓದುವಾಗ ನಾವು ಸಾಮಾನ್ಯವಾಗಿ ಕಷ್ಟದ ಪ್ರಮಾಣವನ್ನು ಅಳೆಯುತ್ತೇವೆ. ಎಷ್ಟು ಜನ ಸತ್ತರು, ಎಷ್ಟು ಹೊಡೆದರು, ಏನು ತಿಂದರು ಎಂದು ಕೇಳುತ್ತೇವೆ. ಆ ಪ್ರಶ್ನೆಗಳು ಬೇಕು. ಆದರೆ ವಿಮರ್ಶೆ ಕೇಳಬೇಕಾದ ಮೊದಲ ಪ್ರಶ್ನೆ, ಇದನ್ನು ಹೇಳುತ್ತಿರುವವನು ಎಲ್ಲಿ ನಿಂತಿದ್ದಾನೆ ಎಂಬುದು. ಸುರಂಗದ ಒಳಗೋ, ಬಾಯಿಯಲ್ಲೋ, ಮೇಲಿನ ಕಚೇರಿಯಲ್ಲೋ? ಇದ್ದಲು ಕಡಿದವನ ಕೈಯಲ್ಲಿ ಲೇಖನಿ ಇರುವುದು ಅಪರೂಪ. ಲೇಖನಿ ಇದ್ದವನು ಹೆಚ್ಚಾಗಿ ಒಂದೆರಡು ಮಾರು ದೂರದಲ್ಲೇ ಇರುತ್ತಾನೆ. ದೂರ ಇರುವುದು ತಪ್ಪಲ್ಲ. ಆ ದೂರವನ್ನು ಅವನು ಓದುಗನಿಗೆ ತಿಳಿಸುತ್ತಾನೆಯೇ, ಮರೆಮಾಚುತ್ತಾನೆಯೇ ಎಂಬುದರ ಮೇಲೆ ಆ ಬರೆಹದ ಬೆಲೆ ನಿಂತಿದೆ. ಈ ಮಾತನ್ನು ನಾಲ್ಕಾರು ಕೃತಿಗಳ ಮೂಲಕ ಪರಿಶೀಲಿಸಿ, ಕೊನೆಗೆ ಅದು ಗಡಿನಾಡಿನ ನಮ್ಮ ಮನೆಗಳಿಗೆ ಹೇಗೆ ಸಂಬಂಧಿಸುತ್ತದೆ ಎಂದು ನೋಡುವುದು ಈ ಲೇಖನದ ಉದ್ದೇಶ.

1

ಜಾವಾದ ಪಶ್ಚಿಮ ಭಾಗದಲ್ಲಿ, ಬಾಂತೆನ್ ಸೀಮೆಯ ದಕ್ಷಿಣ ಕರಾವಳಿಯಲ್ಲಿ ಬಾಯಾ ಎಂಬ ಊರಿದೆ. ಅಲ್ಲಿಯದು ಕೆಳದರ್ಜೆಯ ಇದ್ದಲು. ಶಾಂತಿಕಾಲದಲ್ಲಿ ಅದಕ್ಕಾಗಿ ಯಾರೂ ಅಷ್ಟು ಕಷ್ಟಪಡುತ್ತಿರಲಿಲ್ಲ. ಯುದ್ಧ ಬೆಳೆದಂತೆ ಹೊರದ್ವೀಪಗಳಿಂದ ಹಡಗಿನಲ್ಲಿ ಇದ್ದಲು ತರುವುದು ಕಷ್ಟವಾಯಿತು. ಜಾವಾದ ರೈಲುಗಳು ಓಡಲು ಜಾವಾದಲ್ಲೇ ಇದ್ದಲು ಬೇಕಾಯಿತು. ಗಣಿ ತೆರೆಯಿತು; ಅದಕ್ಕೆ ಸಾಕೇತಿಯಿಂದ ಬಾಯಾವರೆಗೆ ಸುಮಾರು 89 ಕಿಲೋಮೀಟರ್ ರೈಲುಹಳಿ ಹಾಕಲಾಯಿತು. ಹಳಿಯಲ್ಲೂ ಗಣಿಯಲ್ಲೂ ದುಡಿದವರು ರೋಮುಶಾಗಳು. ಮಲೇರಿಯಾ, ಆಮಶಂಕೆ, ಕಾಲಿನ ಹುಣ್ಣು, ಹಸಿವು ಇವು ಅಲ್ಲಿಯ ನಿತ್ಯದ ವರ್ತಮಾನ.

ಈ ಗಣಿಯ ಕಚೇರಿಗೆ 1943ರಲ್ಲಿ ಇಲ್ಯಾಸ್ ಹುಸೇನ್ ಎಂಬ ನಡುವಯಸ್ಸಿನ ಗುಮಾಸ್ತ ಕೆಲಸಕ್ಕೆ ಸೇರಿದ. ಅವನ ನಿಜವಾದ ಹೆಸರು ತಾನ್ ಮಲಾಕಾ. 1897ರಲ್ಲಿ ಪಶ್ಚಿಮ ಸುಮಾತ್ರಾದಲ್ಲಿ ಹುಟ್ಟಿ, ಇಂಡೋನೇಷ್ಯಾದ ಕಮ್ಯುನಿಸ್ಟ್ ಪಕ್ಷದ ಮುಂದಾಳಾಗಿ, 1922ರಲ್ಲಿ ಡಚ್ ಸರಕಾರದಿಂದ ಗಡೀಪಾರಾಗಿ, ಮಾಸ್ಕೋ, ಕ್ಯಾಂಟನ್, ಮನಿಲಾ, ಸಿಂಗಾಪುರಗಳಲ್ಲಿ ಬೇರೆ ಬೇರೆ ಹೆಸರುಗಳಲ್ಲಿ ಇಪ್ಪತ್ತು ವರ್ಷ ಅಲೆದು, ಯುದ್ಧದ ಗೊಂದಲದಲ್ಲಿ 1942ರಲ್ಲಿ ತಾಯ್ನಾಡಿಗೆ ಮರಳಿದ ಮನುಷ್ಯ. ಹೊಟ್ಟೆಪಾಡಿಗೂ ತಲೆಮರೆಸಿಕೊಳ್ಳುವುದಕ್ಕೂ ಅವರು ಬಾಯಾವನ್ನು ಆರಿಸಿಕೊಂಡರು. ಯುದ್ಧ ಮುಗಿದು ಸ್ವತಂತ್ರ ಗಣರಾಜ್ಯ ಹುಟ್ಟಿದ ಮೇಲೆ ಅದೇ ಗಣರಾಜ್ಯ ಅವರನ್ನು ಬಂಧಿಸಿತು. ಆ ಸೆರೆಮನೆಯಲ್ಲಿ ಅವರು ಬರೆದ ಆತ್ಮಕಥೆ 'ದಾರಿ ಪೆಂಜಾರಾ ಕೆ ಪೆಂಜಾರಾ', ಅಂದರೆ 'ಸೆರೆಯಿಂದ ಸೆರೆಗೆ'. 1949ರ ಫೆಬ್ರವರಿಯಲ್ಲಿ ಪೂರ್ವ ಜಾವಾದಲ್ಲಿ ಗಣರಾಜ್ಯದ ಸೈನಿಕರೇ ಅವರನ್ನು ಕೊಂದರು; 1963ರಲ್ಲಿ ಸರಕಾರ ಅವರನ್ನು ರಾಷ್ಟ್ರವೀರ ಎಂದು ಘೋಷಿಸಿತು. ಹೆಲೆನ್ ಜಾರ್ವಿಸ್ ಅವರ ಇಂಗ್ಲಿಷ್ ಅನುವಾದ 1991ರಲ್ಲಿ ಬಂದುದರಿಂದ ಕೃತಿ ನಮ್ಮಂಥವರ ಕೈಗೂ ಎಟುಕುತ್ತದೆ.

ಬಾಯಾದ ಅಧ್ಯಾಯದ ವೈಶಿಷ್ಟ್ಯ ಅದರ ಧ್ವನಿಯಲ್ಲಿದೆ. ಕ್ರಾಂತಿಕಾರಿಯೊಬ್ಬ ಗಣಿಗೆ ಹೋದ ಎಂದರೆ ನಾವು ಅಗ್ನಿಮಯವಾದ ಭಾಷಣವನ್ನು ನಿರೀಕ್ಷಿಸುತ್ತೇವೆ. ಇಲ್ಲಿ ಸಿಗುವುದು ಗುಮಾಸ್ತನ ಕಣ್ಣು. ಯಾವ ಸೀಮೆಯಿಂದ ಆಳುಗಳು ಬಂದರು, ಬರುವಾಗ ಹೇಗಿದ್ದರು, ಎಷ್ಟು ಅಕ್ಕಿ, ಯಾವ ಕಾಯಿಲೆ, ಓಡಿಹೋದವರು ದಾರಿಯಲ್ಲಿ ಏನಾದರು ಎಂಬ ವಿವರಗಳು ಒಂದರ ಹಿಂದೆ ಒಂದು ಬರುತ್ತವೆ. ತಾನು ಇದ್ದಲು ಕಡಿಯುವವನಲ್ಲ, ಕಡಿಯುವವರ ಲೆಕ್ಕ ಬರೆಯುವವನು ಎಂಬುದನ್ನು ಲೇಖಕರು ಎಲ್ಲಿಯೂ ಮುಚ್ಚುವುದಿಲ್ಲ. ಆ ಕುರ್ಚಿಯಿಂದ ಮಾಡಲು ಸಾಧ್ಯವಾದಷ್ಟನ್ನು ಮಾಡುತ್ತಾರೆ: ತರಕಾರಿ ತೋಟ, ರೋಗಿಗಳಿಗೆ ಊಟ, ಯುವಕರಿಗೆ ಕಾಲ್ಚೆಂಡಾಟ, ನಾಟಕ. ಇವೆಲ್ಲ ಸಾಗರಕ್ಕೆ ಹನಿ ಎಂಬುದು ಅವರಿಗೂ ಗೊತ್ತು, ಓದುಗನಿಗೂ ಗೊತ್ತಾಗುತ್ತದೆ.

ಒಂದು ಪ್ರಸಂಗವನ್ನು ವಿಶೇಷವಾಗಿ ಗಮನಿಸಬೇಕು. ಸುಕರ್ಣೋ ಮತ್ತು ಹಟ್ಟಾ ಬಾಯಾಕ್ಕೆ ಭೇಟಿ ಕೊಡುತ್ತಾರೆ. ಜಪಾನಿಗೆ ಜಯ ಸಿಕ್ಕಿದರೆ ನಮಗೆ ಸ್ವಾತಂತ್ರ್ಯ ಸಿಗುತ್ತದೆ, ಆದ್ದರಿಂದ ದುಡಿಯಿರಿ ಎಂಬುದು ಸುಕರ್ಣೋ ಅವರ ಭಾಷಣದ ಸಾರ. ಸಭೆಯಲ್ಲಿ ಅತಿಥಿಗಳ ಉಪಚಾರಕ್ಕೆ ನಿಂತಿದ್ದ ಗುಮಾಸ್ತ ಹುಸೇನ್ ಎದ್ದು ಒಂದು ಪ್ರಶ್ನೆ ಕೇಳುತ್ತಾನೆ. ಮೊದಲು ಸ್ವಾತಂತ್ರ್ಯ ಸಿಕ್ಕಿದರೆ ಜಯಕ್ಕಾಗಿ ಜನ ಇನ್ನೂ ಚೆನ್ನಾಗಿ ಹೋರಾಡುವುದಿಲ್ಲವೇ ಎಂಬುದು ಅವನ ಪ್ರಶ್ನೆ. ಕೇಳಿದವನು ಯಾರೆಂದು ವೇದಿಕೆಯಲ್ಲಿದ್ದವರಿಗೆ ಗೊತ್ತಿಲ್ಲ. ಉತ್ತರ ತೃಪ್ತಿಕರವಾಗಿಲ್ಲ ಎಂದು ಗುಮಾಸ್ತ ತನ್ನೊಳಗೆ ಬರೆದುಕೊಳ್ಳುತ್ತಾನೆ. ಇದೇ ಸುಕರ್ಣೋ, ರೋಮುಶಾಗಳನ್ನು ಕಳುಹಿಸಿದ್ದರಲ್ಲಿ ತಮ್ಮ ಪಾಲಿದೆ ಎಂದು ಮುಂದೆ 1965ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡರು. ಪರರಾಷ್ಟ್ರದ ಸೇನೆ ಒಂಟಿಯಾಗಿ ಯಾರನ್ನೂ ದುಡಿಸಲಾರದು; ಕರೆದೊಯ್ಯುವ ಮುಖಂಡ, ಹೆಸರು ಕೊಡುವ ಊರ ಪಟೇಲ, ಲೆಕ್ಕ ಬರೆಯುವ ಗುಮಾಸ್ತ ಬೇಕು. ಇದನ್ನು ಯಾವ ಘೋಷಣೆಯೂ ಇಲ್ಲದೆ ತೋರಿಸಿದ್ದು ಈ ಕೃತಿಯ ದೊಡ್ಡ ಗುಣ. ತಾನೂ ಆ ಸರಪಳಿಯ ಒಂದು ಕೊಂಡಿಯಾಗಿದ್ದೆ ಎಂಬ ಸಂಗತಿ ಬರೆಹದ ಒಳಗೇ ಇದೆ.

ಆದರೂ ಒಂದು ಕೊರತೆ ಉಳಿಯುತ್ತದೆ. ಅಷ್ಟು ಪುಟಗಳಲ್ಲಿ ಒಬ್ಬ ರೋಮುಶಾ ತನ್ನ ಬಾಯಿಂದ ತನ್ನ ಕಥೆಯನ್ನು ಪೂರ್ತಿಯಾಗಿ ಹೇಳುವುದು ನಮಗೆ ಕೇಳಿಸುವುದಿಲ್ಲ. ಕಣ್ಣಿಗೆ ಕಾಣುತ್ತಾರೆ, ಕಿವಿಗೆ ಬೀಳುವುದಿಲ್ಲ. ಉತ್ತಮವಾದ ಸಾಕ್ಷಿಯ ಮಿತಿಯೂ ಇಷ್ಟೇ.

2

ಬಾಯಾದ ಬರೆಹವನ್ನು ಓದಿದ ಮೇಲೆ, ಅದೇ ಯುದ್ಧದ, ಅದೇ ಸೇನೆಯ, ಆದರೆ ಜಗತ್ತಿಗೆಲ್ಲ ಗೊತ್ತಿರುವ ಇನ್ನೊಂದು ಕಥೆಯನ್ನು ನೆನೆದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಪಿಯರ್ ಬೂಲ್ ಅವರ 'ಕ್ವಾಯ್ ನದಿಯ ಸೇತುವೆ' 1952ರಲ್ಲಿ ಫ್ರೆಂಚ್ ಭಾಷೆಯಲ್ಲಿ ಬಂತು. ಡೇವಿಡ್ ಲೀನ್ ಅದನ್ನು 1957ರಲ್ಲಿ ಸಿನಿಮಾ ಮಾಡಿದರು. ಚಿತ್ರೀಕರಣ ನಡೆದದ್ದು ನಮ್ಮ ನೆರೆಯ ಸಿಂಹಳದಲ್ಲಿ. ಬರ್ಮಾ ಮತ್ತು ಸಯಾಂ ನಡುವೆ ಜಪಾನಿ ಸೇನೆ ಹಾಕಿಸಿದ ರೈಲುಹಳಿ ಅದರ ವಸ್ತು. 415 ಕಿಲೋಮೀಟರಿನ ಆ ಹಳಿ 1943ರ ಅಕ್ಟೋಬರಿನಲ್ಲಿ ಮುಗಿಯಿತು. ದುಡಿದವರಲ್ಲಿ ಬ್ರಿಟಿಷ್, ಆಸ್ಟ್ರೇಲಿಯನ್, ಡಚ್ ಯುದ್ಧಕೈದಿಗಳು 60,000ಕ್ಕೂ ಹೆಚ್ಚು. ಅವರಲ್ಲಿ 12,000ಕ್ಕೂ ಹೆಚ್ಚು ಜನ ಸತ್ತರು. ಏಷ್ಯಾದ ಕೂಲಿಯಾಳುಗಳ ಸಂಖ್ಯೆ ಇದರ ಮೂರು ಪಟ್ಟು. ಸತ್ತವರು 90,000ದ ಆಸುಪಾಸು ಎಂದು ಅಂದಾಜು. ಮಲಯಾದ ರಬ್ಬರ್ ತೋಟಗಳಿಂದ ಒಯ್ದ ತಮಿಳರು, ಅವರ ಜೊತೆಗಿದ್ದ ಮಲಯಾಳಿಗಳು, ತೆಲುಗರು, ಬರ್ಮಾದವರು, ಜಾವಾದ ರೋಮುಶಾಗಳು ಇವರಲ್ಲಿದ್ದರು.

ಬೂಲ್ ಅವರ ಕಥೆಯಲ್ಲಿ ಈ ಲಕ್ಷಾಂತರ ಜನ ಇಲ್ಲ. ಅಲ್ಲಿರುವುದು ಒಬ್ಬ ಇಂಗ್ಲಿಷ್ ಕರ್ನಲನ ಸ್ವಾಭಿಮಾನ. ಅಧಿಕಾರಿಗಳು ಮೈಮುರಿದು ದುಡಿಯಬೇಕೇ ಬಾರದೇ ಎಂಬ ವಾದ, ಒಳ್ಳೆಯ ಸೇತುವೆ ಕಟ್ಟುವ ಹಟ. ಕಾದಂಬರಿಯಾಗಿ ಅದು ಚುರುಕಾಗಿದೆ, ವ್ಯಂಗ್ಯವೂ ಇದೆ. ಲೇಖಕರು ಮಲಯಾದ ರಬ್ಬರ್ ತೋಟದಲ್ಲಿ ಕೆಲಸಮಾಡಿದ್ದವರು. ಹಳಿಯ ಮೇಲೆ ದುಡಿದವರಲ್ಲ. ದೂರದಿಂದ ಬರೆಯುವುದು ಯಾವ ಲೇಖಕನಿಗೂ ಇರುವ ಹಕ್ಕು. ಆದರೆ ತೋಟದ ಕೂಲಿಗಳನ್ನು ಕಣ್ಣಾರೆ ಕಂಡವರೇ ಅವರನ್ನು ಹಳಿಯ ಕಥೆಯಿಂದ ಬಿಟ್ಟುಬಿಟ್ಟದ್ದು ಬರಿಯ ಕಲೆಯ ಆಯ್ಕೆ ಎಂದು ಒಪ್ಪುವುದು ಕಷ್ಟ. ಹೀಗೆ ಜಗತ್ತಿನ ನೆನಪಿನಲ್ಲಿ ಸಯಾಮಿನ ಹಳಿ ಎಂದರೆ ಬಿಳಿಯ ಸಿಪಾಯಿಗಳ ಸಿಳ್ಳೆಯ ರಾಗವಾಯಿತು. ಕಾಂಚನಬುರಿಯ ಯುದ್ಧಸ್ಮಶಾನದಲ್ಲಿ ಕೈದಿಗಳಿಗೆ ಹೆಸರಿನ ಸಮಾಧಿಗಳು ಸಾಲುಸಾಲಾಗಿವೆ. ತೋಟದ ಕೂಲಿಗಳಿಗೆ ಹಾಗೆ ಹೆಸರಿಲ್ಲ. ಸೇನೆಗಳಲ್ಲಿ ಹಾಜರಿ ಪುಸ್ತಕ ಇತ್ತು. ಕೂಲಿಗಳ ಹೆಸರನ್ನು ಹಾಗೆ ಕಾಪಾಡಿದವರಿಲ್ಲ. ಮಲೇಷ್ಯಾದ ತಮಿಳು ಲೇಖಕರಾದ ಆರ್. ಷಣ್ಮುಗಂ, ಆ. ರೆಂಗಸಾಮಿ ಮೊದಲಾದವರು ಬಹುಕಾಲದ ನಂತರ ಈ ಸಾವುಗಳ ಬಗ್ಗೆ ಕಾದಂಬರಿ ಬರೆದರು. ಆ ಕೃತಿಗಳ ಹೆಸರು ನಮ್ಮ ವಿಮರ್ಶೆಯಲ್ಲಿ ಕೇಳಿಬರುವುದು ಅಪರೂಪ. ನಾವು ಆ ಹಳಿಯನ್ನು ಹಾಲಿವುಡ್ಡಿನ ಕಣ್ಣಿನಿಂದ ನೋಡಿ ತೃಪ್ತರಾದೆವು.

ಮರೆಮಾಚುವುದರಲ್ಲಿ ಇನ್ನೊಂದು ಬಗೆಯಿದೆ. ಅದು ಅತಿಯಾಗಿ ಹೇಳುವುದು. ಜಪಾನಿನ ನಾಗಾಸಾಕಿಯ ಹತ್ತಿರ ಹಾಶಿಮಾ ಎಂಬ ಪುಟ್ಟ ದ್ವೀಪವಿದೆ. ಸಮುದ್ರದ ತಳದಿಂದ ಇದ್ದಲು ತೆಗೆಯುತ್ತಿದ್ದ ಆ ಗಣಿ 1974ರಲ್ಲಿ ಮುಚ್ಚಿತು. ಯುದ್ಧದ ವರ್ಷಗಳಲ್ಲಿ ಅಲ್ಲಿ ಕೊರಿಯದವರನ್ನೂ ಚೀನೀಯರನ್ನೂ ದುಡಿಸಲಾಗಿತ್ತು. 1939ರಿಂದ 1945ರವರೆಗೆ ಜಪಾನಿಗೆ ದುಡಿಮೆಗಾಗಿ ಒಯ್ಯಲಾದ ಕೊರಿಯದವರು ಏಳು ಲಕ್ಷದ ಆಸುಪಾಸು ಎಂಬುದು ಇತಿಹಾಸಕಾರರ ಅಂದಾಜು. ಅವರಲ್ಲಿ ದೊಡ್ಡ ಪಾಲು ಗಣಿಗಳಿಗೆ ಹೋಯಿತು. 2015ರಲ್ಲಿ ಹಾಶಿಮಾ ವಿಶ್ವಪರಂಪರೆಯ ಪಟ್ಟಿಗೆ ಸೇರುವಾಗ, 1940ರ ದಶಕದಲ್ಲಿ ಜನರನ್ನು ಇಷ್ಟಕ್ಕೆ ವಿರುದ್ಧವಾಗಿ ತಂದು ಕಠಿಣ ಸ್ಥಿತಿಯಲ್ಲಿ ದುಡಿಸಿದ್ದನ್ನು ಜಪಾನ್ ಸರಕಾರದ ಪ್ರತಿನಿಧಿಗಳು ಸಭೆಯಲ್ಲಿ ಒಪ್ಪಿದರು. ಆ ಮಾತನ್ನು ಹೇಗೆ ತೋರಿಸಬೇಕೆಂಬ ಜಗಳ ಆಮೇಲೂ ಮುಗಿಯಲಿಲ್ಲ. 2017ರಲ್ಲಿ ಕೊರಿಯದಲ್ಲಿ ಇದರ ಮೇಲೆ ದೊಡ್ಡ ಸಿನಿಮಾ ಬಂತು. ಅದರ ಕೊನೆಯಲ್ಲಿ ಗಣಿಯ ಆಳುಗಳೆಲ್ಲ ಬಂದೂಕು ಹಿಡಿದು ಹೋರಾಡಿ ಹಡಗು ಹತ್ತುತ್ತಾರೆ. ಅಂಥ ಸಾಮೂಹಿಕ ಪಲಾಯನ ನಡೆದದ್ದಿಲ್ಲ. ಪ್ರೇಕ್ಷಕನಿಗೆ ಸಮಾಧಾನ ಸಿಕ್ಕಿತು. ಆದರೆ ಓಡಲಾಗದೆ ಅಲ್ಲೇ ಸತ್ತವರು, ಬದುಕಿದರೂ ಮಾತಾಡದೆ ಉಳಿದವರು ಇನ್ನೊಮ್ಮೆ ಮರೆಯಾದರು. ಸೋತವರಿಗೆ ಇಲ್ಲದ ಗೆಲುವನ್ನು ದಾನಮಾಡುವುದು ಅವರಿಗೆ ಮಾಡುವ ಉಪಕಾರವಲ್ಲ.

3

ಹಾಗಾದರೆ ಇದ್ದಲು ಕಡಿದವನೇ ಹೇಳಿದರೆ ಅದು ಹೇಗಿರುತ್ತದೆ? ಇದಕ್ಕೆ ಉತ್ತರವಾಗಿ ಒಂದು ಪುಸ್ತಕಕ್ಕಿಂತ ಚಿತ್ರಗಳ ಒಂದು ರಾಶಿ ಸಿಗುತ್ತದೆ. ಜಪಾನಿನ ಫುಕುಓಕಾ ಸೀಮೆಯ ಚಿಕುಹೋ ಎಂಬಲ್ಲಿ ದೊಡ್ಡ ಇದ್ದಲು ಗಣಿಗಳಿದ್ದವು. ಅಲ್ಲಿ 1892ರಲ್ಲಿ ಹುಟ್ಟಿದ ಯಾಮಾಮೋಟೊ ಸಾಕುಬೇ ಬಾಲ್ಯದಲ್ಲೇ ಸುರಂಗಕ್ಕಿಳಿದವರು. ಮುಪ್ಪಿನಲ್ಲಿ ಗಣಿಯ ಕಚೇರಿಯ ಕಾವಲುಗಾರರಾದರು. ಅರವತ್ತು ದಾಟಿದ ಮೇಲೆ, ಮೊಮ್ಮಕ್ಕಳಿಗೆ ಗಣಿಯ ಬಾಳು ತಿಳಿಯಲಿ ಎಂದು ಚಿತ್ರ ಬರೆಯತೊಡಗಿದರು. 1984ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಚಿತ್ರಗಳಾಗಿದ್ದವು. 2011ರಲ್ಲಿ ಯುನೆಸ್ಕೋದ 'ವಿಶ್ವಸ್ಮೃತಿ' ಪಟ್ಟಿಗೆ ಜಪಾನಿನಿಂದ ಮೊದಲು ಸೇರಿದವು ಈ ಕೂಲಿಯ ಚಿತ್ರಗಳು ಮತ್ತು ದಿನಚರಿಗಳು, ಅರಮನೆಯ ಗ್ರಂಥಗಳಲ್ಲ.

ಗಂಡ ಮಲಗಿಕೊಂಡು ಇದ್ದಲು ಕಡಿಯುತ್ತಾನೆ, ಹಿಂದಿನಿಂದ ಹೆಂಡತಿ ಅದನ್ನು ಪೆಟ್ಟಿಗೆಗೆ ತುಂಬಿ ಎಳೆಯುತ್ತಾಳೆ. ದೀಪದ ಹೊಗೆ, ಮೈಮೇಲಿನ ಹಚ್ಚೆ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಹುಡುಗ. ಚಿತ್ರದ ಖಾಲಿ ಜಾಗದಲ್ಲೆಲ್ಲ ಬರೆಹ ತುಂಬಿದೆ: ಇದು ಯಾವ ಹತಾರ, ಕೂಲಿ ಎಷ್ಟು, ಅಕ್ಕಿಯ ಬೆಲೆ ಎಷ್ಟು, ಸುರಂಗದಲ್ಲಿ ಯಾವ ಮಾತನ್ನು ಆಡಬಾರದು. ಮುಖಗಳಲ್ಲಿ ಗೋಳಾಟ ಇಲ್ಲ. ಕಲಾಶಾಲೆಯ ಕಣ್ಣಿಗೆ ಇದು ಒರಟು. ಆದರೆ ಒಳಗಿನವನಿಗೆ ಮಾತ್ರ ಗೊತ್ತಿರುವ ನಿಖರತೆ ಇದರಲ್ಲಿದೆ. ಹೊರಗಿನ ಲೇಖಕ ನೋವನ್ನು ಬರೆಯುತ್ತಾನೆ; ಒಳಗಿನವನು ಕೆಲಸವನ್ನು ಬರೆಯುತ್ತಾನೆ, ನೋವು ಅದರಲ್ಲೇ ಬಂದುಬಿಡುತ್ತದೆ.

ಇಲ್ಲೂ ಮಿತಿಯನ್ನು ಹೇಳಬೇಕು. ಸಾಕುಬೇ ಹೆಚ್ಚಾಗಿ ಬರೆದದ್ದು ತಮ್ಮ ಬಾಲ್ಯ, ಯೌವನದ ಗಣಿಯನ್ನು. ಯುದ್ಧಕಾಲದಲ್ಲಿ ಅದೇ ಚಿಕುಹೋಗೆ ತರಲಾದ ಕೊರಿಯದವರು ಆ ಚಿತ್ರಗಳಲ್ಲಿ ವಿರಳ. ಪಕ್ಕದಲ್ಲೇ ದುಡಿದವನ ಭಾಷೆ ಬೇರೆಯಾದರೆ ಅವನ ಕಥೆ ನಮ್ಮ ಚಿತ್ರದಿಂದ ಜಾರಿಹೋಗುತ್ತದೆ. ಆ ಕೊರಿಯದವರ ಮೇಲೆ 1940ರಿಂದ ಜಪಾನಿ ಹೆಸರು ಇಟ್ಟುಕೊಳ್ಳುವ ಒತ್ತಾಯವೂ ಇತ್ತು. ಶಾಲೆಗಳಿಂದ ಅವರ ಭಾಷೆಯನ್ನು ಹೊರಹಾಕಲಾಗಿತ್ತು. ಶಾಲೆ, ನಾಮಫಲಕ, ಅರ್ಜಿಯ ನಮೂನೆ ಎಂದು ಭಾಷೆಗಾಗಿ ಗೊಣಗುತ್ತ ಬಂದ ನಮಗೆ ಈ ಸಂಗತಿ ಬೇಗ ತಟ್ಟುತ್ತದೆ. ಆದರೆ ನಮ್ಮ ಕಷ್ಟವನ್ನು ಅವರದಕ್ಕೆ ಸರಿದೂಗಿಸುವುದು ಅವಿವೇಕ. ನಮಗೆ ಅರ್ಜಿ ಕೊಡಲು ಕಚೇರಿ ಇದೆ, ಬರೆಯಲು ಸಂಚಿಕೆ ಇದೆ. ಅವರಿಗೆ ಹೆಸರೇ ಇರಲಿಲ್ಲ.

4

ಇದೆಲ್ಲ ದೂರದೇಶದ ಮಾತು, ನಮಗೇನು ಎಂದು ಓದುಗರು ಕೇಳಬಹುದು. ಎರಡು ಸಂಗತಿಗಳನ್ನು ಹೇಳುತ್ತೇನೆ. 1942ರ ಫೆಬ್ರವರಿ 15ರಂದು ಸಿಂಗಾಪುರ ಶರಣಾದಾಗ ಜಪಾನಿಗೆ ಸೆರೆಸಿಕ್ಕ ಭಾರತೀಯ ಪಡೆಗಳಲ್ಲಿ ಮೈಸೂರು ಸಂಸ್ಥಾನದ ಕಾಲಾಳು ಪಡೆಯೂ ಇತ್ತು. ಸಿಂಗಾಪುರದ ಭಾರತೀಯ ಕೈದಿಗಳಲ್ಲಿ ಹಲವರನ್ನು ದುಡಿಮೆಗಾಗಿ ನ್ಯೂಗಿನಿಯಂಥ ದೂರದ ದ್ವೀಪಗಳಿಗೂ ಒಯ್ಯಲಾಯಿತು. ಕನ್ನಡ ಮಾತಾಡುವ ಸಿಪಾಯಿಗಳು ಆ ಸೆರೆಯನ್ನು ಕಂಡವರು. ಕನ್ನಡ ಸಾಹಿತ್ಯದ ಚರಿತ್ರೆಗಳಲ್ಲಿ ಆ ಸೆರೆಗೆ ಒಂದು ಅಧ್ಯಾಯವಿಲ್ಲ.

ಎರಡನೆಯದು ನಮ್ಮದೇ ದೇಶದ ಇದ್ದಲು ಗಣಿಗಳದು. ಹೆಂಗಸರನ್ನು ಸುರಂಗದೊಳಗೆ ಇಳಿಸಬಾರದೆಂಬ ನಿಷೇಧವನ್ನು 1943ರಲ್ಲಿ, ಯುದ್ಧಕ್ಕೆ ಇದ್ದಲು ಸಾಲದೆಂದು, ಬ್ರಿಟಿಷ್ ಸರಕಾರ ತೆಗೆದುಹಾಕಿತು. 1946ರಲ್ಲಿ ಮಾತ್ರ ನಿಷೇಧ ಮರಳಿ ಬಂತು. ಆಗ ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದವರು ಡಾ. ಬಿ. ಆರ್. ಅಂಬೇಡ್ಕರ್. 1943ರ ಡಿಸೆಂಬರಿನಲ್ಲಿ ಅವರು ಧನಬಾದ್ ಕಡೆಯ ಗಣಿಗೆ ಇಳಿದು ನೋಡಿದರು. ಮುಂದೆ ಶಾಸನಸಭೆಯಲ್ಲಿ ಸರಕಾರದ ಪರವಾಗಿ ಉತ್ತರ ಹೇಳಬೇಕಾಗಿ ಬಂದವರೂ ಅವರೇ. ಇದ್ದುದರಲ್ಲಿ ಗಂಡಸರಷ್ಟೇ ಕೂಲಿ ಹೆಂಗಸರಿಗೂ ಸಿಗಬೇಕೆಂಬ ತತ್ವವನ್ನು ಅವರು ಎತ್ತಿಹಿಡಿದರು. ಅಖಿಲ ಭಾರತ ಮಹಿಳಾ ಸಮ್ಮೇಳನ ಈ ಕ್ರಮವನ್ನು ವಿರೋಧಿಸಿತು. ಇದು ಬಾಯಾದ ಹಾಗೆ ಹಿಡಿದೊಯ್ದ ದುಡಿಮೆಯಲ್ಲ. ಬಂದೂಕಿನ ಬದಲು ಬರಗಾಲ ಇತ್ತು, ಅದು ಬಂಗಾಳ ಕ್ಷಾಮದ ವರ್ಷ. ಸಭೆಯ ವಾದ ಪ್ರತಿವಾದಗಳು ಅಚ್ಚಾಗಿ ಉಳಿದಿವೆ. ಸುರಂಗಕ್ಕಿಳಿದ ಹೆಂಗಸರು ತಮ್ಮ ಭಾಷೆಯಲ್ಲಿ ಹೇಳಿಕೊಂಡದ್ದು ಹಾಗೆ ಉಳಿಯಲಿಲ್ಲ.

ನಮ್ಮ ಎರಡು ಭಾಷೆಗಳ ಸಾಹಿತ್ಯ ಈ ಪರೀಕ್ಷೆಯಲ್ಲಿ ಹೇಗೆ ನಿಲ್ಲುತ್ತದೆ? ಶಿವರಾಮ ಕಾರಂತರ 'ಚೋಮನ ದುಡಿ' 1933ರದು. ಸಾಲ ತೀರಿಸಲು ಚೋಮನ ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಕಾರಂತರ ಕಣ್ಣು ಹೆಚ್ಚು ಹೊತ್ತು ಚೋಮನ ಗುಡಿಸಲಲ್ಲೇ ನಿಲ್ಲುತ್ತದೆ. ತೋಟದ ಜ್ವರ ನಮಗೆ ಹೆಚ್ಚಾಗಿ ಸುದ್ದಿಯಾಗಿ, ನಷ್ಟವಾಗಿ ಬರುತ್ತದೆ. ತಾವು ಚೆನ್ನಾಗಿ ಕಂಡದ್ದರ ಮೇಲೆ ಅವರು ಭಾರ ಹಾಕಿದರು. ನಿರಂಜನರ 'ಚಿರಸ್ಮರಣೆ' 1955ರದು. ಕಯ್ಯೂರಿನ ನಾಲ್ವರು ರೈತರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದ ಘಟನೆ ಅದರ ಹಿನ್ನೆಲೆ. ಬಾಯಾದ ಗುಮಾಸ್ತ ಲೆಕ್ಕ ಬರೆಯುತ್ತಿದ್ದ ಅದೇ ವರ್ಷ ನಮ್ಮ ಜಿಲ್ಲೆಯ ಮಣ್ಣಿನಲ್ಲಿ ನಡೆದದ್ದಿದು. ಮಲಯಾಳಿ ರೈತರ ಕಥೆ ಮೊದಲು ಕನ್ನಡದ ಕಾದಂಬರಿಯಾಗಿ, ಆಮೇಲೆ ಮಲಯಾಳಕ್ಕೆ ಹೋಯಿತು. ಪಕ್ಕದವನ ಭಾಷೆ ಬೇರೆಯಾದರೂ ಕಥೆ ಜಾರಿಹೋಗದೆ ಉಳಿಯಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಇತ್ತೀಚಿನದು ಬೆನ್ಯಾಮಿನ್ ಅವರ 'ಆಡುಜೀವಿತಂ', 2008ರ ಮಲಯಾಳ ಕಾದಂಬರಿ. 2024ರಲ್ಲಿ ಸಿನಿಮಾ ಆಯಿತು. ಮರುಭೂಮಿಯ ಆಡಿನ ಹಟ್ಟಿಯಲ್ಲಿ ಸಂಬಳವಿಲ್ಲದೆ ಸೆರೆಯಾಳಿನಂತೆ ದುಡಿದ ನಜೀಬ್ ಎಂಬವನ ಕಥೆ. ಅನುಭವ ಒಬ್ಬರದು, ಬರೆಹ ಇನ್ನೊಬ್ಬರದು. 'ನಾನು' ಎಂದು ಹೇಳುವ ಧ್ವನಿ ಯಾರದು ಎಂಬ ಪ್ರಶ್ನೆ ಇಲ್ಲಿಯೂ ಏಳುತ್ತದೆ. ಆದರೆ ತಾನು ಕೇಳಿ ಬರೆದವನು ಎಂಬುದನ್ನು ಲೇಖಕರು ಓದುಗರಿಂದ ಮುಚ್ಚಿಡಲಿಲ್ಲ. ಗಲ್ಫಿನಿಂದ ಕಾಗದ ಬರುವ ಮನೆಗಳು ಕಾಸರಗೋಡಿನಲ್ಲಿ ಎಷ್ಟಿಲ್ಲ? ಆ ಮನೆಗಳಲ್ಲಿ ಕಾದಂಬರಿಯನ್ನು ಕಥೆಯೆಂದಲ್ಲ, ಸಾಕ್ಷಿಯೆಂದು ಓದಿದರು. ಅದರ ಜನಪ್ರಿಯತೆಗೆ ಶೈಲಿಗಿಂತ ದೊಡ್ಡ ಕಾರಣ ಇದೇ ಇರಬೇಕು.

5

ಈಗ ಮಡ್ಕಯಿಯ ಮಾತು. ಮಂಜೇಶ್ವರ, ಕುಂಬಳೆ, ಕಾಸರಗೋಡುಗಳಲ್ಲಿ ಕೊಂಕಣಿ ಮನೆಮಾತಿನ, ಕನ್ನಡದ ಓದುಬರೆಹದ ಅನೇಕ ಮನೆಗಳ ಕುಲದೇವರು ಗೋವೆಯ ಫೋಂಡಾ ಸೀಮೆಯಲ್ಲಿವೆ. ಆ ಸೀಮೆಯ ಒಂದು ಊರು ಮಡ್ಕಯಿ. ಅಲ್ಲಿಯ ನವದುರ್ಗೆ ಮೂಲತಃ ತಿಸವಾಡಿಯ ಗಾಂವ್ಶಿಯವಳು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ದೇವಸ್ಥಾನಗಳನ್ನು ಕೆಡಹತೊಡಗಿದಾಗ ಭಕ್ತರು ಮೂರ್ತಿಯನ್ನು ಹೊತ್ತು ನದಿ ದಾಟಿಸಿದರು. ಆಗ ಫೋಂಡಾ ಪೋರ್ಚುಗೀಸರ ಕೈಯಲ್ಲಿರಲಿಲ್ಲ. ನಾಲ್ಕೂವರೆ ಶತಮಾನ ಕಳೆದರೂ ದೇವಿ ಎಲ್ಲಿಂದ ಬಂದಳೆಂಬುದು ಮರೆತುಹೋಗಿಲ್ಲ. ಕಾರಣ ಸರಳ: ಆ ನೆನಪಿಗೆ ಪಲ್ಲಕ್ಕಿ ಇದೆ, ಜಾತ್ರೆ ಇದೆ, ಮಹಾಜನರ ದಾಖಲೆ ಇದೆ, ಮದುವೆಯ ಮೊದಲ ಕರೆಯೋಲೆ ಕಳುಹಿಸುವ ಪದ್ಧತಿ ಇದೆ.

ದೇವರ ವಲಸೆಯನ್ನು ಹೀಗೆ ಕಾಪಾಡಿದ ನಾವು ಕೂಲಿಯ ವಲಸೆಯನ್ನು ಎಂಬತ್ತು ವರ್ಷ ಕೂಡ ಕಾಪಾಡಲಿಲ್ಲ. ಮಡ್ಕಯಿಯ ಪಕ್ಕದಲ್ಲಿ ಹರಿಯುವ ಜುವಾರಿ ನದಿ ಮುರ್ಮುಗೋವಾ ಬಂದರನ್ನು ಸೇರುತ್ತದೆ. ಗೋವೆಯ ಕಬ್ಬಿಣದ ಅದಿರು 1950ರ ದಶಕದಿಂದ ಆ ಬಂದರಿನ ಮೂಲಕ ಜಪಾನಿನ ಉಕ್ಕಿನ ಕಾರ್ಖಾನೆಗಳಿಗೆ ಹೋಯಿತು. ಅದೇ ಬಂದರಿಗೆ ಹೊರದೇಶದ ಕಲ್ಲಿದ್ದಲು ಇಳಿದು, ರೈಲಿನಲ್ಲಿ ಘಟ್ಟ ಹತ್ತಿ ಬಳ್ಳಾರಿ ಸೀಮೆಯ ಉಕ್ಕಿನ ಕುಲುಮೆಗೆ ಬರುತ್ತದೆ. ಅದರ ಧೂಳಿನ ವಿರುದ್ಧ ಗೋವೆಯ ಜನ ಬೀದಿಗಿಳಿದಿದ್ದಾರೆ. ಗೋವೆಯ ಗಣಿ, ಬಂದರು, ಕಟ್ಟಡಗಳಲ್ಲಿ ಉತ್ತರ ಕರ್ನಾಟಕದಿಂದ ಹೋದ ಕನ್ನಡಿಗರು ದುಡಿದರು. ಘಟ್ಟದ ಮೇಲಿನವರು ಎಂಬ ಅರ್ಥದ 'ಘಾಟಿ' ಎಂಬ ತಾತ್ಸಾರದ ಹೆಸರನ್ನೂ ಪಡೆದರು. ಅವರನ್ನು ಯಾವ ಸೇನೆಯೂ ಹಿಡಿದೊಯ್ಯಲಿಲ್ಲ, ನಿಜ. ಆದರೆ ಕುಲದೇವರ ದರ್ಶನಕ್ಕೆಂದು ಹೋಗುವ ಕನ್ನಡ ಓದುಗ, ಅಲ್ಲೇ ಅದಿರು ಹೊತ್ತ ಕನ್ನಡಿಗನ ಮಾತನ್ನು ಕೇಳಿಸಿಕೊಂಡದ್ದು ಕಡಿಮೆ. ಚಿಕುಹೋದ ಚಿತ್ರಗಳಲ್ಲಿ ಕೊರಿಯದವನು ಭಾಷೆ ಬೇರೆಯಾದ್ದರಿಂದ ಜಾರಿಹೋದನೇನೋ. ಇಲ್ಲಿ ಭಾಷೆ ಒಂದೇ ಆಗಿದ್ದರೂ ಜಾರಿಹೋದ.

ವಿಮರ್ಶೆಗೂ ಇದರಲ್ಲಿ ಪಾಲಿದೆ. ನಾವು ರೂಪ, ಪ್ರತಿಮೆ, ಸಂಕೇತಗಳನ್ನು ಹುಡುಕುವ ಅಭ್ಯಾಸ ಮಾಡಿಕೊಂಡೆವು. ಬಂಡಾಯ ಮತ್ತು ದಲಿತ ಸಾಹಿತ್ಯ ಬಂದು ಆ ಅಭ್ಯಾಸವನ್ನು ಸ್ವಲ್ಪ ಅಲುಗಿಸಿದವು. ಆದರೂ ಅಜ್ಜನ ಕಾಗದ, ಅಜ್ಜಿಯ ಬಾಯಿಮಾತು, ಕಂತ್ರಾಟುದಾರನ ಚೀಟಿ ಇವುಗಳನ್ನು ಸಾಹಿತ್ಯದ ಅಂಗಳಕ್ಕೆ ಕರೆಯಲು ಸಂಕೋಚ ಉಳಿದಿದೆ. ಸಾಕುಬೇ ತಮ್ಮ ಚಿತ್ರ ಕಲೆಯೋ ಅಲ್ಲವೋ ಎಂದು ಕಾಯಲಿಲ್ಲ, ಮೊಮ್ಮಕ್ಕಳಿಗಾಗಿ ಬರೆದರು. ತಾನ್ ಮಲಾಕಾ ತಾವು ಗುಮಾಸ್ತನಷ್ಟೇ ಎಂದು ಸುಮ್ಮನಾಗಲಿಲ್ಲ. ಗುಮಾಸ್ತನಿಗೆ ಕಂಡಷ್ಟನ್ನು ಬರೆದರು.

ಈ ಸಂಚಿಕೆಯನ್ನು ಓದುವ ಮನೆಗಳಲ್ಲಿ ಮಲಯಾ, ಬರ್ಮಾ, ಸಿಂಹಳಗಳಿಗೆ ಹೋಗಿ ಬಂದವರ, ಬಾರದವರ ನೆನಪು ಕೆಲವು ಕಡೆಯಾದರೂ ಇರಬೇಕು. ಅದನ್ನು ಬರೆಯುವಾಗ ದೊಡ್ಡ ಮಾತು ಬೇಡ. ಹೋದವರ ಹೆಸರು, ಊರು, ಕರೆದೊಯ್ದವನು ಯಾರು, ಮಾಡಿದ ಕೆಲಸ ಯಾವುದು, ಉಂಡದ್ದೇನು, ಕೈಗೆ ಬಂದದ್ದೆಷ್ಟು, ಅಲ್ಲಿಂದ ತಂದ ಯಾವ ಶಬ್ದ ಮನೆಯಲ್ಲಿ ಉಳಿಯಿತು ಎಂಬಷ್ಟು ಸಾಕು. ಕೇಳಿ ಬರೆದದ್ದಾದರೆ ಕೇಳಿ ಬರೆದದ್ದು ಎಂದೇ ಹೇಳಬೇಕು. ಕನ್ನಡದಲ್ಲಿ ಬರೆದರೆ ಮಲಯಾಳದ ಪುಟಕ್ಕೆ ದಾಟಿಸಬಹುದು, ಮಲಯಾಳದಲ್ಲಿ ಬಂದರೆ ಕನ್ನಡಕ್ಕೆ ತರಬಹುದು. ಎರಡು ಲಿಪಿಗಳ ವಾರ್ಷಿಕವೊಂದು ಮಾಡಬಹುದಾದ ಕೆಲಸಗಳಲ್ಲಿ ಇದಕ್ಕಿಂತ ಅಗತ್ಯದ್ದು ನನಗೆ ಕಾಣುವುದಿಲ್ಲ.